ಬಿಸಿಲು ಹಾಕಿಕೊಟ್ಟ ವೇಳಾಪಟ್ಟಿ: ಮೇ ತಿಂಗಳಲ್ಲಿ ವಿಜಯಪುರ

ವಿಜಯಪುರ ನೋಡಲು ಒಳ್ಳೆಯ ಕಾಲ ಚಳಿಗಾಲ. ಶಾಲೆಗೆ ರಜೆ ಬೀಳುವುದು ಮಾತ್ರ ಬೇಸಿಗೆಯಲ್ಲಿ. ಹಾಗಾಗಿ ಎಷ್ಟೋ ಮಂದಿ ಗೋಳಗುಮ್ಮಟ ನೋಡುವುದು ಮೇ ತಿಂಗಳ ನಡುಮಧ್ಯಾಹ್ನ. ಬಾದಾಮಿಯಿಂದ ಬಂದ ಬಸ್ಸಿಳಿದು, ಚಪ್ಪಲಿ ಬಿಟ್ಟು, ಕಾದ ಕಲ್ಲಿನ ಮೇಲೆ ಕುಣಿಯುತ್ತ ಒಳಗೆ ಓಡಿ, ನಾಲ್ಕು ಸಲ 'ಹೋ' ಎಂದು ಕೂಗಿ ಹೊರಬಂದರೆ ಊರು ಮುಗಿಯಿತು. ಉಳಿದದ್ದೆಲ್ಲ ಬಸ್ಸಿನ ಕಿಟಕಿಯಿಂದ.

ಇಲ್ಲಿ ಮೇನಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹಾಗೆಂದು ಹೋಗಬಾರದೆಂದೇನಿಲ್ಲ, ಊರಿನ ಜನರ ಲೆಕ್ಕದಲ್ಲಿ ಓಡಾಡಿದರೆ ಸಾಕು. ಬೆಳಗ್ಗೆ ಆರರಿಂದ ಹತ್ತು ಬಯಲಿನ ಹೊತ್ತು, ಹತ್ತರಿಂದ ನಾಲ್ಕು ಸೂರಿನ ಹೊತ್ತು, ನಾಲ್ಕೂವರೆಯ ಮೇಲೆ ಮತ್ತೆ ಬಯಲು. ಇಷ್ಟನ್ನು ಪಾಲಿಸಿ ಮೂರು ದಿನ, ನಾಲ್ಕನೆಯ ದಿನದ ಒಂದು ಬೆಳಗು ತಿರುಗಿದ ವಿವರ ಇದು.

ಮಂಗಳವಾರ: ಜುಮ್ಮಾ ಮಸೀದಿ, ಬಾರಾ ಕಮಾನ್

ರಾತ್ರಿ ಬೆಂಗಳೂರಲ್ಲಿ ಹತ್ತಿದ ರೈಲು ಬಾಗಲಕೋಟೆ ದಾಟಿ ಆಲಮಟ್ಟಿ ಬಳಿ ಕೃಷ್ಣೆಯ ಮೇಲೆ ಹಾಯುವಾಗ ಎಚ್ಚರವಿರಬೇಕು. ಬೇಸಿಗೆಯ ಹಿನ್ನೀರು ಹಿಂದೆ ಸರಿದು ಕೆಸರು ಬಿರುಕು ಬಿಟ್ಟಿರುತ್ತದೆ. ಅಲ್ಲಿಂದ ಮುಂದೆ ಬರೀ ಕರಿ ನೆಲ. ಹಿಂಗಾರಿ ಜೋಳ ಕೊಯ್ದು ತಿಂಗಳುಗಳೇ ಆಗಿ, ಮರವೇ ಇಲ್ಲದ ಎರೆಹೊಲ ಮುಗಿಲಿನವರೆಗೆ ಚಾಚಿರುತ್ತದೆ. 'ಡೋಣಿ ಹರಿದರೆ ಓಣೆಲ್ಲ ಜೋಳ' ಎಂದು ಈ ಕಡೆ ಹೇಳುವುದು ಡೋಣಿ ನದಿ ಹರಿಯುವ ಈ ನೆಲದ ಬಗ್ಗೆಯೇ. ಆ ಬಯಲಿನ ತುದಿಯಲ್ಲಿ ಮೊದಲು ಕಾಣುವುದು ಊರಲ್ಲ, ಗುಮ್ಮಟ.

ಎಲ್ಲರೂ ನಿಲ್ದಾಣದಿಂದ ನೇರ ಅಲ್ಲಿಗೇ ಹೋಗುತ್ತಾರೆ, ನಿಲ್ದಾಣಕ್ಕೆ ಹತ್ತಿರವೂ ಹೌದು. ಹೋಗಬೇಡಿ ಎನ್ನುವುದು ನಮ್ಮ ಸಲಹೆ. ಆ ಗುಮ್ಮಟ ಹೇಗೆ ನಿಂತಿದೆ ಎಂಬುದು ತಿಳಿಯಬೇಕಾದರೆ ಅದಕ್ಕಿಂತ ಹಳೆಯ, ಚಿಕ್ಕ ಗುಮ್ಮಟವೊಂದನ್ನು ಮೊದಲು ನೋಡಬೇಕು. ಅದು ಜುಮ್ಮಾ ಮಸೀದಿಯದು.

ಮಧ್ಯಾಹ್ನದ ನಮಾಜು ಮುಗಿದು ಸಂಜೆಯದು ಶುರುವಾಗುವ ಮುಂಚಿನ ಹೊತ್ತು, ಅಂದರೆ ಎರಡೂವರೆಯಿಂದ ನಾಲ್ಕೂವರೆ, ಇಲ್ಲಿಗೆ ಹೇಳಿಮಾಡಿಸಿದ್ದು. ಇದು ಇಂದಿಗೂ ಪ್ರಾರ್ಥನೆ ನಡೆಯುವ ಜಾಗ. ಮೊಣಕಾಲು ಮುಚ್ಚುವ ಬಟ್ಟೆ, ತಲೆಗೆ ದುಪಟ್ಟಾ ಅಥವಾ ಕರವಸ್ತ್ರ ಇರಲಿ. ಶುಕ್ರವಾರ ಮಧ್ಯಾಹ್ನ ಬೇಡ. ಅಂಗಳ ದಾಟುವ ಅಷ್ಟು ಹೆಜ್ಜೆ ಕಾಲು ಸುಡುತ್ತದೆ, ಕಮಾನಿನ ನೆರಳು ಮುಟ್ಟಿದ ಕೂಡಲೇ ನೆಲ ತಣ್ಣಗೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಬಿಳಿ ಸುಣ್ಣದ ಕಮಾನಿನ ಹಿಂದೆ ಕಮಾನು. ಇಬ್ಬರು ಮುದುಕರು ಕಂಬಕ್ಕೆ ತಲೆ ಕೊಟ್ಟು ನಿದ್ದೆ ಹೊಡೆಯುತ್ತಿದ್ದರು. ಊರಿನ ಅತ್ಯಂತ ತಂಪಾದ ಕೋಣೆ ಯಾವುದೆಂದು ಅವರಿಗೆ ಗೊತ್ತಿತ್ತು.

ಮಸೀದಿಯ ಕೆಲಸ ಶುರುಮಾಡಿಸಿದವನು ಇಲ್ಲಿಂದ ಆಳಿದ ಸುಲ್ತಾನ ಮೊದಲನೆಯ ಅಲಿ ಆದಿಲ್ ಶಾ. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಬಂದ ಸಂಪತ್ತು ಇಲ್ಲಿ ಕಲ್ಲಾಯಿತು ಎನ್ನುತ್ತಾರೆ. ಹಂಪಿ ನೋಡಿ ಬಂದವರಿಗೆ ಈ ಮಾತು ಕೇಳುವಾಗ ಒಂದು ಕ್ಷಣ ಬೇರೆಯೇ ಅನ್ನಿಸುತ್ತದೆ. ನೆಲ ನೋಡಿ: ಕರಿ ಗೆರೆ ಎಳೆದು ಒಬ್ಬೊಬ್ಬರ ನಮಾಜಿಗೆ ಒಂದೊಂದು ಅಂಕಣ, ಒಟ್ಟು 2,250. ಔರಂಗಜೇಬ ಇಲ್ಲಿನ ಮಖಮಲ್ಲಿನ ಹಾಸುಗಳನ್ನು ಒಯ್ದು ಬದಲಿಗೆ ಈ ಗೆರೆ ಹಾಕಿಸಿದ ಎಂಬುದು ಊರಿನ ಮಾತು. ಪಶ್ಚಿಮ ಗೋಡೆಯ ಮಿಹ್ರಾಬಿನ (ನಮಾಜಿನ ದಿಕ್ಕು ತೋರುವ ಗೂಡಿನ) ಚಿನ್ನದ ಬಣ್ಣದ ಚಿತ್ತಾರ 1636ರದು. ಅದಕ್ಕೆ ಪರದೆ ಎಳೆದಿರುವುದೂ ಉಂಟು. ಅಲ್ಲಿರುವವರನ್ನು ವಿನಯದಿಂದ ಕೇಳಿದರೆ ಸರಿಸುತ್ತಾರೆ, ನೀವೇ ಕೈಹಾಕಬೇಡಿ.

ಈಗ ಮಿಹ್ರಾಬಿನ ಮುಂದೆ ನಿಂತು ತಲೆ ಎತ್ತಬೇಕು. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಎಲ್ಲ ಕಾಲದ ಕಟ್ಟಡದವರ ತಲೆನೋವು: ಮೂಲೆಗಳಲ್ಲಿ ಏನು ಮಾಡುವುದು? ಇಲ್ಲಿನವರ ಉಪಾಯ ಹೀಗಿದೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಡಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ, ನಡುವೆ ಅಷ್ಟಕೋನ ಉಳಿಯುತ್ತದೆ. ಆ ಎರಡು ಚೌಕಗಳ ಗೆರೆಗಳನ್ನೇ ಎಂಟು ಕಮಾನುಗಳಾಗಿ ಎಬ್ಬಿಸಿ ಒಂದರೊಳಗೊಂದು ಹೆಣೆದರೆ ಮೇಲೆ ಹೋಗುತ್ತ ಜಾಗ ಕಿರಿದಾಗಿ ವೃತ್ತಕ್ಕೆ ಹತ್ತಿರವಾಗುತ್ತದೆ. ಅದರ ಮೇಲೆ ಗುಮ್ಮಟ. ಇಲ್ಲಿ ಅಳತೆ ಚಿಕ್ಕದಾದ್ದರಿಂದ ಯಾವ ಕಮಾನು ಎಲ್ಲಿಂದ ಹೊರಟು ಎಲ್ಲಿಗೆ ಸೇರಿತೆಂದು ಬೆರಳಿಟ್ಟು ಎಣಿಸಬಹುದು. ಗೋಳಗುಮ್ಮಟದಲ್ಲಿ ಇದೇ ಹೆಣಿಗೆ ಇದೆ, ಆದರೆ ಅಲ್ಲಿನ ಗಾತ್ರಕ್ಕೆ ಕಣ್ಣು ಸೋತುಹೋಗುತ್ತದೆ.

ಸಂಜೆ ಐದಕ್ಕೆ ಬಾರಾ ಕಮಾನ್. ಎರಡನೆಯ ಅಲಿ ಆದಿಲ್ ಶಾ ತನಗಾಗಿ ಕಟ್ಟಿಸಲು ಹೊರಟ ಗೋರಿ. ಸೂರಿಲ್ಲ, ಗುಮ್ಮಟವಿಲ್ಲ; ಎತ್ತರದ ಕಟ್ಟೆಯ ಮೇಲೆ ಕರಿಕಲ್ಲಿನ ಕಮಾನುಗಳಷ್ಟೇ. ಇದು ಮುಗಿದಿದ್ದರೆ ಇದರ ನೆರಳು ತಂದೆಯ ಗೋಳಗುಮ್ಮಟದ ಮೇಲೆ ಬೀಳುತ್ತಿತ್ತು, ಅದಕ್ಕೇ ನಿಲ್ಲಿಸಿದರು ಎಂದು ಗೈಡುಗಳು ಹೇಳುತ್ತಾರೆ. ಎರಡರ ನಡುವಿನ ದೂರ ನೋಡಿದರೆ ನಂಬುವುದು ಕಷ್ಟ. 1672ರಲ್ಲಿ ಸುಲ್ತಾನ ತೀರಿಕೊಂಡ, ರಾಜ್ಯ ಅಷ್ಟರಲ್ಲೇ ಸೊರಗಿತ್ತು. ಕಾರಣಕ್ಕೆ ಇಷ್ಟು ಸಾಕು. ಫೋಟೊ ತೆಗೆಯುವವರು ಪಶ್ಚಿಮಕ್ಕೆ ಬೆನ್ನು ಕೊಟ್ಟು ನಿಂತರೆ ಇಳಿಬಿಸಿಲಲ್ಲಿ ಕರಿಕಲ್ಲು ಕಂದುಬಣ್ಣಕ್ಕೆ ತಿರುಗುವುದು ಸಿಗುತ್ತದೆ. ಸೂರ್ಯನ ಎದುರಿಗೆ ನಿಂತರೆ ಬರೀ ಕಪ್ಪು ಅಚ್ಚು. ನಮ್ಮ ಕಣ್ಣಿಗೆ ಎರಡನೆಯದೇ ಚೆಂದ.

ರಾತ್ರಿ ಖಾನಾವಳಿ ಊಟ. ತಟ್ಟೆಯಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ (ಕಡಲೆಕಾಯಿ ಚಟ್ನಿಪುಡಿ), ಮೇಲೊಂದು ಸವಟು ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಮೆಂತ್ಯ ಸೊಪ್ಪು. ದಕ್ಷಿಣದಿಂದ ಬಂದವರು ಮಾಡುವ ತಪ್ಪು ಒಂದೇ: ಹಿಂಡಿಯನ್ನು ಚಟ್ನಿಯಂತೆ ಬೆರಳಲ್ಲಿ ಎತ್ತಿ ಬಾಯಿಗಿಡುವುದು. ಅದಕ್ಕೆ ಮೊಸರು ಅಥವಾ ಹಸಿ ಶೇಂಗಾ ಎಣ್ಣೆ ಹಾಕಿ ಕಲಸಿಕೊಳ್ಳಬೇಕು. ಖಡಕ್ ರೊಟ್ಟಿ ಕೊಟ್ಟರೆ ಮುರಿದು ಪಲ್ಯದ ಎಸರಿನ ಕೆಳಗೆ ಸೇರಿಸಿ ಒಂದು ನಿಮಿಷ ಬಿಡಬೇಕು. "ಅನ್ನ ಆಮ್ಯಾಲೆ, ಮೊದಲ ರೊಟ್ಟಿ ಮುಗಸ್ರಿ" ಎಂದು ಬಡಿಸುವ ಅಜ್ಜಿ ಗದರಿದಳು. ಬೇಸಿಗೆಯಲ್ಲಿ ಆ ಮಾತಿಗೆ ಅರ್ಥವಿದೆ. ರೊಟ್ಟಿ, ಮಜ್ಜಿಗೆ, ಉಳ್ಳಾಗಡ್ಡಿ ಹೊಟ್ಟೆಗೆ ಬಿದ್ದರೆ ಮರುದಿನದ ಬಿಸಿಲು ಅರ್ಧ ಕಡಿಮೆ.

ಬುಧವಾರ: ಗೋಳಗುಮ್ಮಟ, ಗಗನ ಮಹಲ್, ಆಸಾರ್ ಮಹಲ್

ಬೆಳಗ್ಗೆ ಆರಕ್ಕೆ ಗೇಟು ತೆರೆಯುತ್ತದೆ, ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗಿಲ್ಲ. ಆರೂವರೆಯೊಳಗೆ ಒಳಗಿರಬೇಕು. ಇದು ಬಿಸಿಲಿಗಾಗಿ ಅಷ್ಟೇ ಅಲ್ಲ, ಕಿವಿಗಾಗಿ. ಎಂಟರ ನಂತರ ಪ್ರವಾಸದ ಬಸ್ಸುಗಳು ಬಂದವೆಂದರೆ ಪಿಸುಗುಟ್ಟುವ ಗ್ಯಾಲರಿ ಸಂತೆಯಾಗುತ್ತದೆ. ಒಂದು ಕೂಗಿನ ಮಾರ್ದನಿ ಸಾಯುವ ಮೊದಲೇ ಇಪ್ಪತ್ತು ಕೂಗು ಸೇರಿ ಬರೀ ಗೋಜಲು.

ದಾರಿಯಲ್ಲಿ ಮೊದಲು ಎದುರಾಗುವ, ನಗಾರಿ ಬಾರಿಸುವ ಕಟ್ಟಡವಾದ ನಗಾರಖಾನೆಯಲ್ಲೇ 1892ರಲ್ಲಿ ಶುರುವಾದ ವಸ್ತುಸಂಗ್ರಹಾಲಯವಿದೆ. ಅದು ಒಂಬತ್ತಕ್ಕೆ ತೆರೆಯುತ್ತದೆ, ಶುಕ್ರವಾರ ರಜೆ, ಹಿಂತಿರುಗುವಾಗ ನೋಡಿದರಾಯಿತು. ಗುಮ್ಮಟದ ದಕ್ಷಿಣ ಬಾಗಿಲಲ್ಲಿ ಎರಡು ಸಂಗತಿ ಗಮನಿಸಬೇಕು. ಬಾಗಿಲ ಮೇಲಿನ ಪಾರ್ಸಿ ಬರಹದ ಮೂರೂ ತುಂಡುಗಳ ಅಕ್ಷರಗಳಿಗೆ ಅಂಕಿ ಕೊಟ್ಟು ಕೂಡಿದರೆ ಪ್ರತಿಯೊಂದರಲ್ಲೂ ಹಿಜರಿ 1067 ಬರುತ್ತದೆ. ಇದನ್ನು ತನ್ನ ಗೋರಿಯಾಗಿ ಕಟ್ಟಿಸಿದ ಸುಲ್ತಾನ ಮೊಹಮ್ಮದ್ ಆದಿಲ್ ಶಾ ತೀರಿಕೊಂಡ ವರ್ಷ ಅದು, ನಮ್ಮ ಲೆಕ್ಕದಲ್ಲಿ 1656. ಅಲ್ಲೇ ಸರಪಳಿಯಲ್ಲಿ ತೂಗುವ ಕಲ್ಲು 'ಬಿಜಲಿ ಪತ್ಥರ್', ಸಿಡಿಲಿನಿಂದ ಕಾಯುವ ಉಲ್ಕೆ ಎಂಬ ನಂಬಿಕೆ.

ಒಳಗೆ ಹೋದರೆ ಒಂದೇ ಕೋಣೆ. ಅಷ್ಟೇ. ಸುಮಾರು 1,700 ಚದರ ಮೀಟರ್ ನೆಲ, ನಡುವೆ ಒಂದೂ ಕಂಬವಿಲ್ಲ. ಕಟ್ಟೆಯ ಮೇಲೆ ಸುಲ್ತಾನ, ಅವನ ಹೆಂಡತಿಯರು, ರಂಭಾ ಎಂಬ ನರ್ತಕಿ, ಮಗಳು, ಮೊಮ್ಮಗನ ಸಮಾಧಿಗಳ ಗುರುತು. ನಿಜವಾದ ಗೋರಿಗಳು ನೆಲಮಾಳಿಗೆಯಲ್ಲಿವೆ. ನಿನ್ನೆಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೂಲೆಯಿಂದ ಮೂಲೆಗೆ ಕಣ್ಣಾಡಿಸಿದರೆ ಅದೇ ಎರಡು ಚೌಕ, ಅದೇ ಎಂಟು ಕಮಾನು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಹೊರಗಿನದು 44, ಬುಡದಲ್ಲಿ ದಪ್ಪ 3 ಮೀಟರ್. ಇಷ್ಟು ಭಾರ ಯಾವ ಗೋಡೆಯನ್ನಾದರೂ ಹೊರಕ್ಕೆ ತಳ್ಳುತ್ತದೆ. ಇಲ್ಲಿ ಕಮಾನುಗಳ ನಡುವಿನ ಕಲ್ಲುಗಾರೆಯ ರಾಶಿ ಕೋಣೆಯ ಒಳಕ್ಕೆ ಬಾಗಿ ತೂಗುತ್ತದೆ. ಗುಮ್ಮಟ ಹೊರಕ್ಕೆ ತಳ್ಳಿದಷ್ಟೂ ಅದು ಒಳಕ್ಕೆ ಎಳೆಯುತ್ತದೆ. ಒಂದಕ್ಕೊಂದು ಸರಿ. ಪ್ರಪಂಚದಲ್ಲಿ ಎಷ್ಟನೆಯ ದೊಡ್ಡ ಗುಮ್ಮಟ ಎಂಬ ಚರ್ಚೆ ಅಲ್ಲಿ ದಿನವಿಡೀ ನಡೆದಿರುತ್ತದೆ. ರೋಮಿನ ಪ್ಯಾಂಥಿಯಾನ್ ಇದಕ್ಕಿಂತ ದೊಡ್ಡದು, ಇಸ್ತಾಂಬುಲಿನ ಹಗಿಯಾ ಸೋಫಿಯಾ ಚಿಕ್ಕದು. ಅಂಕಿ ಗೊತ್ತಿಲ್ಲದೆಯೂ ಕತ್ತು ನೋಯುತ್ತದೆ.

ಮೇಲೆ ಹತ್ತುವುದು ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಸುರುಳಿ ಮೆಟ್ಟಿಲಿನಿಂದ. ಮೆಟ್ಟಿಲು ಎತ್ತರ, ಅಗಲ ಕಡಿಮೆ. ಹತ್ತುವವರು ಇಳಿಯುವವರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕು. ಪ್ರತಿ ಅಂತಸ್ತಿನಲ್ಲಿ ಕಿಟಕಿ ಇದೆ, ಗಾಳಿ ಚೆನ್ನಾಗಿ ಬರುತ್ತದೆ, ಅಲ್ಲಿ ನಿಂತು ಉಸಿರು ತಗೊಳ್ಳಿ. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಬೆನ್ನಿಗೆ ಚೀಲ ಬೇಡ, ಕೈಯಲ್ಲಿ ಅರ್ಧ ಲೀಟರ್ ನೀರು ಸಾಕು.

ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ, 3 ಮೀಟರಿಗೂ ಹೆಚ್ಚು ಅಗಲ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ನಡುವಿನ ಬಯಲಿಗೆ ಮುಖಮಾಡಿ ಕೂಗುವುದು. ಅದು ಮಾರ್ದನಿಗೆ ಸರಿ, ಪಿಸುಮಾತಿಗಲ್ಲ. ಪಿಸುಮಾತಿಗೆ ಹೀಗೆ ಮಾಡಬೇಕು: ಒಬ್ಬರು ಗೋಡೆಗೆ ಮುಖಮಾಡಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಬಾಯಿಟ್ಟು, ಉಸಿರಿನಷ್ಟೇ ಸಣ್ಣ ದನಿಯಲ್ಲಿ ಮಾತಾಡಬೇಕು. ಇನ್ನೊಬ್ಬರು ನೇರ ಎದುರಿನ ಗೋಡೆಗೆ ಕಿವಿಗೊಡಬೇಕು. ದನಿ ಬಾಗಿದ ಗೋಡೆಯನ್ನು ಸವರಿಕೊಂಡೇ ಸುತ್ತುಹಾಕಿ ಬರುತ್ತದೆ, ನಡುವಿನ ಬಯಲಿನಲ್ಲಿ ಚೆಲ್ಲಿಹೋಗುವುದಿಲ್ಲ. ಟಿಕೆಟಿನ ಕಾಗದ ಹರಿದರೆ ಆ ಪರ್ ಎನ್ನುವ ಸದ್ದು ಪಕ್ಕದಲ್ಲೇ ಹರಿದಂತೆ ಕೇಳುತ್ತದೆ. ಬರೀ ಕೈಗಡಿಯಾರ ಗೋಡೆಗೆ ಹಿಡಿದು ನೋಡಿದ್ದೂ ಆಯಿತು, ಪಾರಿವಾಳಗಳು ಬಿಡಲಿಲ್ಲ. ಚಪ್ಪಾಳೆಯಾದರೆ ಒಂದೇ ಸಲ, ಗಟ್ಟಿಯಾಗಿ, ಆಮೇಲೆ ಬಾಯಿಮುಚ್ಚಿ ಎಣಿಸಬೇಕು. ಏಳು, ಹತ್ತು, ಹನ್ನೊಂದು ಎಂದು ಒಬ್ಬೊಬ್ಬರದು ಒಂದೊಂದು ಲೆಕ್ಕ. ಏಳರವರೆಗೆ ಯಾರ ಕಿವಿಗೂ ಸಂಶಯವಿಲ್ಲ.

"ಮುಂಜಾನೆ ಬಂದ್ರ ಗುಮ್ಮಟ ಮಾತಾಡ್ತೈತಿ, ಮಧ್ಯಾಹ್ನ ಬಂದ್ರ ಮಂದಿ ಮಾತಾಡ್ತಾರ" ಎಂದ ಕಾವಲಿನವರು ಏಳೂವರೆಗೆ ಕೆಳಗಿಂದ ಬಂದ ಮೊದಲ ಗುಂಪಿನ ಗದ್ದಲ ಕೇಳಿ ಸೀಟಿ ಕೈಗೆತ್ತಿಕೊಂಡರು. ಗ್ಯಾಲರಿಯ ಸಣ್ಣ ಬಾಗಿಲಿಂದ ಹೊರಗೆ ಬಂದರೆ ಗುಮ್ಮಟದ ಬುಡದ ಸುತ್ತ ಕೆತ್ತಿದ ದೊಡ್ಡ ದಳಗಳು ಕೈಗೆಟುಕುತ್ತವೆ. ಕೆಳಗಿಂದ ಚಿತ್ತಾರದಂತೆ ಕಂಡದ್ದು ಇಲ್ಲಿ ಆಳೆತ್ತರ. ಪಶ್ಚಿಮಕ್ಕೆ ಇಡೀ ಊರು, ನಡುವೆ ಜುಮ್ಮಾ ಮಸೀದಿಯ ಗುಮ್ಮಟ.

ಹತ್ತೂವರೆಗೆ ಸೂರು. ನಾಲ್ಕರವರೆಗೆ ಊರೂ ಮಲಗುತ್ತದೆ, ಅಂಗಡಿಗಳು ಅರ್ಧ ಬಾಗಿಲು ಎಳೆಯುತ್ತವೆ. ರಸ್ತೆಯಲ್ಲಿ ಕಂಡ ಒಬ್ಬರು ಗಾಡಿ ನಿಲ್ಲಿಸಿಯೇ ಕೇಳಿದರು: "ಈ ಬಿಸಲಾಗ ಎಲ್ಲಿಗೆ ಹೊಂಟೀರಿ? ಹನ್ನೆರಡಕ್ಕ ನಾಯಿ ಸುದ್ದಾ ಹೊರಗ ಬರಂಗಿಲ್ಲ." ಲಿಂಬೆಹಣ್ಣಿನ ಸೋಡಾ ಹುಡುಕಿಕೊಂಡು ಎಂದಾಗ ತಾವೇ ಅಂಗಡಿ ತೋರಿಸಿದರು. ಇಂಡಿ ಕಡೆಯ ಲಿಂಬೆ ಈ ಜಿಲ್ಲೆಯ ಹೆಮ್ಮೆ. ಸಕ್ಕರೆ ಬೇಡ, ಉಪ್ಪು ಹಾಕಿ ಎಂದು ಹೇಳಿ. ಬೆವರು ಕಾಣದಷ್ಟು ಒಣ ಗಾಳಿ ಇಲ್ಲಿಯದು. ಬೆವರುತ್ತಿಲ್ಲ ಎಂದುಕೊಂಡು ನೀರು ಕುಡಿಯದೆ ಇದ್ದವರಿಗೇ ಸಂಜೆ ತಲೆನೋವು ಹಿಡಿಯುವುದು.

ಸಂಜೆ ಊರೊಳಗಿನ ಒಳಕೋಟೆ ಅರಕಿಲ್ಲೆಯ ಕಡೆ. ಗಗನ ಮಹಲ್ 1561ರದು. ಎದುರಿನ ನಡುಕಮಾನಿನ ಅಗಲವೇ 60 ಅಡಿಗೂ ಹೆಚ್ಚು, ಎರಡು ಪಕ್ಕದಲ್ಲಿ ಅಷ್ಟೇ ಎತ್ತರದ ಇಕ್ಕಟ್ಟಾದ ಎರಡು ಕಮಾನು. ದರ್ಬಾರು ಒಳಗೆ, ಜನ ಹೊರಗಿನ ಬಯಲಲ್ಲಿ. ನಡುವೆ ಕಂಬವಿದ್ದರೆ ಸುಲ್ತಾನ ಕಾಣಿಸುವುದು ಹೇಗೆ, ಅದಕ್ಕೇ ಈ ಅಗಲ. 1686ರಲ್ಲಿ ಊರು ಬಿದ್ದಾಗ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸಂಕೋಲೆಯಲ್ಲಿ ಔರಂಗಜೇಬನ ಮುಂದೆ ತಂದದ್ದು ಇಲ್ಲಿಗೇ ಎನ್ನುತ್ತಾರೆ. ಈಗ ಹುಡುಗರು ಕ್ರಿಕೆಟ್ ಆಡುತ್ತಾರೆ, ಕಮಾನೇ ವಿಕೆಟ್ ಕೀಪರ್. ಹತ್ತಿರದ ಸಾತ್ ಮಂಜಿಲ್‌ನ ಏಳಂತಸ್ತಿನಲ್ಲಿ ಐದು ಉಳಿದಿವೆ. ಅದರ ಎದುರು ರಸ್ತೆಯ ಪಕ್ಕದಲ್ಲೇ ಆಟಿಕೆಯಂಥ ಜಲಮಂಜಿಲ್: ಒಮ್ಮೆ ಸುತ್ತ ನೀರಿತ್ತು, ಈಗ ಸ್ಕೂಟರುಗಳು.

ಆಸಾರ್ ಮಹಲ್ 1646ರಲ್ಲಿ ನ್ಯಾಯದಾನಕ್ಕೆಂದು ಕಟ್ಟಿದ್ದು, ಆಮೇಲೆ ಪ್ರವಾದಿಯವರ ಕೂದಲನ್ನು ಇಲ್ಲಿಟ್ಟರೆಂಬ ಶ್ರದ್ಧೆ. ಹೆಂಗಸರನ್ನು ಒಳಗೆ ಬಿಡದ ಪದ್ಧತಿ ಇದೆ. ಮನೆಮಂದಿಯೊಂದಿಗೆ ಹೋಗುವವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಹೊರಗೆ ಕೂತರೂ ನಷ್ಟವಿಲ್ಲ. ಪೂರ್ವಕ್ಕೆ ತೆರೆದ ಮುಖದಲ್ಲಿ ತೇಗದ ನಾಲ್ಕು ಭಾರೀ ಕಂಬ, ಮುಂದೆ ಕೊಳ. ಆ ಕೊಳಕ್ಕೆ ನೀರು ಬರುತ್ತಿದ್ದದ್ದು ಊರ ದಕ್ಷಿಣದ ಬೇಗಂ ತಲಾಬಿನಿಂದ, ನೆಲದಡಿಯ ಮಣ್ಣಿನ ಕೊಳವೆಯಲ್ಲಿ.

ಈ ನೀರಿನ ಕಥೆಯನ್ನು ಬಿಟ್ಟರೆ ವಿಜಯಪುರ ನೋಡಿದಂತಲ್ಲ. ಊರೊಳಗೆ ಅಲ್ಲಲ್ಲಿ ಗೋಪುರದಂತೆ ನಿಂತ ಚೌಕಾಕಾರದ ಕಟ್ಟಡಗಳು ಸಿಗುತ್ತವೆ. ಗೋರಿಯಲ್ಲ, ಕಾವಲು ಗೋಪುರವೂ ಅಲ್ಲ. ಇವು ಗಂಜ್. ದೂರದಿಂದ ಕೊಳವೆಯಲ್ಲಿ ಬರುವ ನೀರಿನ ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕೆ ನಡುನಡುವೆ ನೀರನ್ನು ಗಂಜಿನೊಳಗೆ ಮೇಲೇರಿಸಿ, ಒತ್ತಡ ಇಳಿಸಿ, ಕೆಸರು ಕೂರಲು ಬಿಟ್ಟು ಮುಂದಕ್ಕೆ ಹರಿಸುತ್ತಿದ್ದರು. ಪಶ್ಚಿಮದ ತೊರವೆಯ ಕಡೆಯಿಂದ ಬರುತ್ತಿದ್ದದ್ದು ಕರೇಜ್, ನೆಲದಡಿಯ ಸುರಂಗ. ಬೀದರಿನ ನೌಬಾದಿನಲ್ಲಿ ಇಂಥದೇ ಇನ್ನೊಂದಿದೆ. ಬಿಸಿಲಿಗೆ ಆವಿಯಾಗದಂತೆ ನೀರನ್ನು ನೆಲದೊಳಗೇ ನಡೆಸಿ ತಂದರು. ಮೇ ತಿಂಗಳಲ್ಲಿ ಇಲ್ಲಿಗೆ ಬಂದವರಿಗೆ ಈ ಜಾಣತನವನ್ನು ಯಾರೂ ವಿವರಿಸಬೇಕಿಲ್ಲ.

ಗುರುವಾರ: ಇಬ್ರಾಹಿಂ ರೋಜಾ, ತಾಜ್ ಬಾವಡಿ, ಮಲಿಕ್-ಎ-ಮೈದಾನ್, ಉಪಲಿ ಬುರುಜು

ಪಶ್ಚಿಮದ ಸುತ್ತು. ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾಕ್ಕೆ ಸುಮಾರು 4 ಕಿ.ಮೀ. ಆಟೋದವರೊಂದಿಗೆ ಒಂದೇ ಜಾಗಕ್ಕಲ್ಲ, ಕಾಯುವುದೂ ಸೇರಿ ಇಡೀ ಸುತ್ತಿಗೆ ದರ ಮಾತಾಡಿಕೊಂಡರೆ ಅಗ್ಗ. ಬೆಳಗ್ಗೆ ರೋಜಾದಿಂದ ಮರಳಿ ಆಟೋ ಸಿಗುವುದು ಕಷ್ಟ.

ಒಂದು ಸಲಹೆ ಇಲ್ಲಿಯೇ ಹೇಳಬೇಕು: ಚೀಲದಲ್ಲಿ ದಪ್ಪ ಹತ್ತಿಯ ಕಾಲುಚೀಲ ಇರಲಿ. ರೋಜಾದ ಕಟ್ಟೆಯ ಮೇಲೆ ಚಪ್ಪಲಿ ಬಿಡಬೇಕು, ಒಂಬತ್ತು ದಾಟಿದರೆ ಆ ಕಲ್ಲು ಹೆಂಚಾಗುತ್ತದೆ. ನೈಲಾನಿನದು ಬೇಡ, ಜಾರುತ್ತದೆ.

ಎರಡನೆಯ ಇಬ್ರಾಹಿಂ ಆದಿಲ್ ಶಾ (ಆಳ್ವಿಕೆ 1580ರಿಂದ 1627) ಹೆಂಡತಿ ತಾಜ್ ಸುಲ್ತಾನಳಿಗಾಗಿ ಕಟ್ಟಿಸತೊಡಗಿದ ಗೋರಿ ಇದು. ಕೊನೆಗೆ ಅವನೂ ಇಲ್ಲೇ ಮಲಗಿದ. ದಖನಿ ಭಾಷೆಯಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ಹಾಡು ಕಟ್ಟಿದ, ತನ್ನ ತಂಬೂರಿಗೆ 'ಮೋತಿಖಾನ್' ಎಂದು ಹೆಸರಿಟ್ಟ, ಜನರಿಂದ 'ಜಗದ್ಗುರು ಬಾದಶಹಾ' ಎನ್ನಿಸಿಕೊಂಡ ರಾಜ. ಗೋಳಗುಮ್ಮಟ ಗಾತ್ರದಲ್ಲಿ ಗೆದ್ದರೆ ಇದು ಕುಸುರಿಯಲ್ಲಿ. ಒಂದನ್ನೇ ಆರಿಸಿ ಎಂದರೆ ನಮ್ಮ ಮತ ಇದಕ್ಕೆ.

ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ತೊಟ್ಟಿ, ಎಲ್ಲ ಒಂದೇ ಕಟ್ಟೆಯ ಮೇಲೆ. ಗೋರಿಯ ಒಳಗೋಡೆಯ ಬಾಗಿಲುಗಳ ಮೇಲಿನ ಕಿಟಕಿಗಳ ಹತ್ತಿರ ಹೋಗಿ ನಿಲ್ಲಿ. ದೂರದಿಂದ ಬಳ್ಳಿಯ ಜಾಲಂಧ್ರದಂತೆ ಕಾಣುವುದು ಬಳ್ಳಿಯಲ್ಲ, ಅರಬ್ಬಿ ಅಕ್ಷರ. ಸಾಮಾನ್ಯವಾಗಿ ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಾರೆ. ಇಲ್ಲಿ ಅಕ್ಷರವನ್ನು ಉಳಿಸಿ ನಡುವಿನ ಕಲ್ಲನ್ನೆಲ್ಲ ತೆಗೆದುಬಿಟ್ಟಿದ್ದಾರೆ. ಒಂದು ಅಕ್ಷರದ ಬಾಲ ಮುಂದಿನದಕ್ಕೆ ತಾಗಿ ಹಿಡಿದಿರಬೇಕು, ಇಲ್ಲದಿದ್ದರೆ ತುಂಡು ಉದುರುತ್ತದೆ. ಬರಹವೇ ಕಟ್ಟು, ಕಟ್ಟೇ ಬರಹ. ಒಳಗೆ ನಿಂತು ಹೊರಬೆಳಕಿಗೆ ಎದುರಾಗಿ ನೋಡಿದರೆ ಮಾತ್ರ ಇದು ಕಾಣುತ್ತದೆ, ಹೊರಗಿನಿಂದಲ್ಲ. ಫೋನಿನ ಕ್ಯಾಮೆರಾ ಬೆಳಕು ನೋಡಿ ಗೋಡೆಯನ್ನು ಕಪ್ಪು ಮಾಡುತ್ತದೆ. ಮಾಡಲಿ, ಅಕ್ಷರ ಸ್ಪಷ್ಟ ಬರುವುದು ಹಾಗೆಯೇ.

ಒಳಕೋಣೆಯ ಚಾವಣಿ ಇನ್ನೊಂದು ವಿಚಿತ್ರ. ಸುಮಾರು 40 ಅಡಿ ಚೌಕದ ಕೋಣೆಗೆ ಚಪ್ಪಟೆ ಕಲ್ಲಿನ ಸೂರು, ಕೆಳಗೆ ತೊಲೆಯೂ ಇಲ್ಲ ಕಂಬವೂ ಇಲ್ಲ. ಅಂಚುಗಳು ಬಾಗಿ ಮೇಲೇರಿ, ನಡುವಿನ ಚಪ್ಪಡಿಗಳು ಪಕ್ಕಕ್ಕೆ ಪಕ್ಕ ಗಾರೆಯಲ್ಲಿ ಕಚ್ಚಿಕೊಂಡು ನಿಂತಿವೆ. ಗಾರೆಯ ಮೇಲೆ ಅಷ್ಟೊಂದು ಭರವಸೆ ಇಡುವ ಮೇಸ್ತ್ರಿ ಇವತ್ತು ಸಿಕ್ಕಾನೆಯೇ? ಅಂದಿನವನ ಹೆಸರು ಮಲಿಕ್ ಸಂದಲ್.

ತಾಜ್ ಬಾವಡಿಯೂ ಅವನ ಹೆಸರಿಗೇ ಅಂಟಿಕೊಂಡಿದೆ, 1620ರದು. ಎರಡು ಗೋಪುರಗಳ ನಡುವಿನ 35 ಅಡಿ ಅಗಲದ ಕಮಾನಿನಡಿ ಇಳಿದರೆ ಕೆರೆಯಷ್ಟು ದೊಡ್ಡ ಬಾವಿ. ಕಸ ತುಂಬಿ ಹೋಗಿದ್ದನ್ನು ಕೆಲವು ವರ್ಷದ ಹಿಂದೆ ಹೂಳೆತ್ತಿ ಚೊಕ್ಕ ಮಾಡಿದ್ದಾರೆ. ಮೇನಲ್ಲೂ ನೀರಿತ್ತು, ಹಸಿರು. ಮೆಟ್ಟಿಲ ಮೇಲೆ ಕೂತಿದ್ದ ಮುದುಕ ಹೇಳಿದ್ದು: "ನಾವು ಸಣ್ಣವರಿದ್ದಾಗ ಆ ಗ್ವಾಡಿ ಮ್ಯಾಲಿಂದ ಜಿಗೀತಿದ್ವಿ. ಈಗ ನೋಡಾಕಷ್ಟ ಬಾವಿ." ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ, ಇಳಿಯಬೇಡಿ.

ಮಲಿಕ್-ಎ-ಮೈದಾನ್ ತೋಪಿನ (ಫಿರಂಗಿಯ) ಬಳಿ ಹೋದಾಗ ಎಂಟೂಮುಕ್ಕಾಲು. 55 ಟನ್ನಿನ ಈ ಕಂಚಿನ ತೋಪನ್ನು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದವನು ತುರ್ಕಿ ಮೂಲದ ಮೊಹಮ್ಮದ್ ರೂಮಿ. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ ಸಿಕ್ಕಿಹಾಕಿಕೊಂಡಿದೆ. ಪಕ್ಕದಿಂದ ಬಗ್ಗಿ ನೋಡಿದರೆ ಆನೆಯ ಕಿವಿಯೂ ಕಾಣುತ್ತದೆ. ಊರು ಗೆದ್ದ ಔರಂಗಜೇಬ ತನ್ನದೊಂದು ಬರಹವನ್ನು ಇದರ ಮೇಲೆ ಕೆತ್ತಿಸಿದ. 1854ರಲ್ಲಿ ಬ್ರಿಟಿಷರು ಹರಾಜಿಗಿಟ್ಟಾಗ ಕೂಗಿದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು. ಎಂಥ ಬಿಸಿಲಲ್ಲೂ ಇದು ತಣ್ಣಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬೆಳಗ್ಗೆ ನೆರಳಿನ ಮೈ ತಣ್ಣಗಿದ್ದದ್ದು ನಿಜ, ಅಷ್ಟು ಲೋಹ ರಾತ್ರಿಯ ತಂಪನ್ನು ಬೇಗ ಬಿಟ್ಟುಕೊಡುವುದಿಲ್ಲ. ಬಿಸಿಲು ಬಿದ್ದ ಮೈ ಮುಟ್ಟಿದವರು ಆ ಮಾತು ಮತ್ತೆ ಹೇಳಲಾರರು.

ಉಪಲಿ ಬುರುಜನ್ನು ಸಂಜೆಗೆ ಇಟ್ಟುಕೊಂಡದ್ದು ಸರಿಯೂ ಆಯಿತು, ತಪ್ಪೂ ಆಯಿತು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಈ ಒಂಟಿ ಬುರುಜು 80 ಅಡಿ ಎತ್ತರ, ಮೆಟ್ಟಿಲು ಹೊರಮೈಯನ್ನು ಸುತ್ತಿಕೊಂಡು ಏರುತ್ತದೆ. ಮೇಲೆ ಎರಡು ತೋಪು. ಉದ್ದನೆಯದು 30 ಅಡಿಗೂ ಹೆಚ್ಚು; ಇದು ಎರಕವಲ್ಲ, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಮೇಲೆ ಬಳೆ ತೊಡಿಸಿ ಬಿಗಿದದ್ದು. ಆ ಬಳೆಗಳ ಸಂದು ಬೆರಳಿಗೆ ಸಿಗುತ್ತದೆ. ಐದೂವರೆಗೆ ಪಶ್ಚಿಮದಲ್ಲಿ ಕರಿಮೋಡ ಎದ್ದಿತು. ಹತ್ತು ನಿಮಿಷದಲ್ಲಿ ಗಾಳಿ, ಕೆಂಧೂಳು, ಗೋಳಗುಮ್ಮಟ ಕಾಣದಾಯಿತು. ಮೇ ಕೊನೆಯ ಮಳೆ ಇಲ್ಲಿ ಹೀಗೆಯೇ ಬರುವುದು: ಮೊದಲು ಧೂಳು, ಆಮೇಲೆ ಸಿಡಿಲು, ಕೊನೆಗೆ ನೀರು. ಸುತ್ತಲಿನ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಕಬ್ಬಿಣದ ತೋಪಿನ ಪಕ್ಕ ನಿಂತಿದ್ದೀರಿ ಎಂಬುದು ನೆನಪಾದ ಕೂಡಲೇ ಇಳಿಯಬೇಕು. ಮೆಟ್ಟಿಲಿನ ಹೊರ ಅಂಚಿಗೆ ಹೋಗದೆ ಗೋಡೆ ಹಿಡಿದು ಇಳಿಯಿರಿ, ಗಾಳಿ ಪಕ್ಕದಿಂದ ತಳ್ಳುತ್ತದೆ. ಕೆಳಗೆ ಮಿರ್ಚಿ ಭಜಿಯ ಗಾಡಿಯವರು ತಾಡಪತ್ರಿ ಹಿಡಿದುಕೊಂಡೇ ಮಂಡಕ್ಕಿಯ ಗಿರಮಿಟ್ಟು ಕಲಸಿಕೊಟ್ಟರು. ರಾತ್ರಿ ಎರಡು ತಾಸು ಕರೆಂಟಿರಲಿಲ್ಲ. ಕೋಣೆಗಿಂತ ಮಾಳಿಗೆ ತಂಪಾಗಿತ್ತು, ಮಣ್ಣಿನ ವಾಸನೆಯೊಂದಿಗೆ.

ಶುಕ್ರವಾರ ಬೆಳಗ್ಗೆ: ಕುಮಟಗಿ

ಸಿಂದಗಿ ರಸ್ತೆಯಲ್ಲಿ ಸುಮಾರು 18 ಕಿ.ಮೀ. ಬಸ್ಸಿನಲ್ಲೂ ಹೋಗಬಹುದು, ಆದರೆ ಊರ ಬಳಿ ಇಳಿದು ನಡೆಯಬೇಕು. ನೀರು, ತಿಂಡಿ ಕಟ್ಟಿಕೊಂಡೇ ಹೋಗಿ, ಅಲ್ಲಿ ಅಂಗಡಿ ಸಿಗುವ ಭರವಸೆಯಿಲ್ಲ.

ಆದಿಲಶಾಹಿಗಳು ಬೇಸಿಗೆಯಲ್ಲಿ ಓಡಿಬರುತ್ತಿದ್ದದ್ದು ಇಲ್ಲಿಗೆ. ಕೆರೆಯ ಪಕ್ಕ ನೀರಿನ ತೊಟ್ಟಿಗಳು, ನಡುವೆ ಮಂಟಪ, ಅಲ್ಲಿಗೆ ಹೋಗಲು ಕಿರುಸೇತುವೆ. ಪಕ್ಕದ ಗೋಪುರದ ಮೇಲಿನ ತೊಟ್ಟಿಗೆ ನೀರೇರಿಸಿ, ಕೊಳವೆಯಲ್ಲಿ ಇಳಿಸಿ, ಚಾವಣಿಯ ಸಣ್ಣ ತೂತುಗಳಿಂದ ತುಂತುರು ಉದುರಿಸುತ್ತಿದ್ದರು. ಆಧುನಿಕ ಷವರ್ ಎಂದರೂ ತಪ್ಪಲ್ಲ, ವಿದ್ಯುತ್ತಿನ ಬದಲು ಎತ್ತರ. ಚಾವಣಿಯ ತೂತುಗಳನ್ನು ಹುಡುಕಿದರೆ ಈಗಲೂ ಕಾಣುತ್ತವೆ. ಇನ್ನೊಂದು ಕಟ್ಟಡದ ಗೋಡೆಯಲ್ಲಿ ಬಣ್ಣದ ಚಿತ್ರಗಳು: ಕುದುರೆ ಮೇಲೆ ಚೌಗಾನ್ (ಪೋಲೋದಂಥ ಆಟ) ಆಡುವವರು, ಕುಸ್ತಿ ಹಿಡಿದವರು. ಅವುಗಳ ಮೇಲೆ ಮೊಳೆಯಿಂದ ಹೆಸರು ಗೀಚಿದ ನಮ್ಮ ಕಾಲದವರು. ಹತ್ತು ಗಂಟೆಯ ಓರೆಬೆಳಕಿನಲ್ಲಿ ಉಳಿದ ಕುದುರೆಗಳನ್ನು ಎಣಿಸಬಹುದು, ಕೈ ಮಾತ್ರ ಮುಟ್ಟಬಾರದು. ಬಣ್ಣದ ಪದರ ಸುಣ್ಣದಂತೆ ಬೆರಳಿಗೆ ಬರುತ್ತದೆ.

ನಿನ್ನೆಯ ಮಳೆಗೆ ತೊಟ್ಟಿಯ ತಳದಲ್ಲಿ ಅಂಗೈ ಆಳದ ನೀರು ನಿಂತಿತ್ತು. ಆಡು ಕಾಯುವ ಹುಡುಗ ಆಡುಗಳನ್ನು ಅದರೊಳಗೇ ಇಳಿಸಿ ತಾನು ಮಂಟಪದ ನೆರಳಲ್ಲಿ ಕೂತಿದ್ದ.

ಮರಳಿ ಬರುವಾಗ ಖಡಕ್ ರೊಟ್ಟಿ ಕಟ್ಟಿಸಿಕೊಳ್ಳಬೇಕು. ಒಣ ಜಾಗದಲ್ಲಿಟ್ಟರೆ ಹದಿನೈದು ದಿನ ಕೆಡುವುದಿಲ್ಲ. ಕಾಗದದಲ್ಲಿ ಸುತ್ತಿ, ಚೀಲದೊಳಗಲ್ಲ, ಕೈಯಲ್ಲೇ ಹಿಡಿದು ತರಬೇಕು. ಮೇಲಿನ ಬರ್ತಿನಲ್ಲಿಟ್ಟ ನಮ್ಮ ಕಟ್ಟು ಹುಬ್ಬಳ್ಳಿ ಬರುವಷ್ಟರಲ್ಲಿ ಪುಡಿ. ಅದಕ್ಕೂ ದಾರಿ ಇದೆ ಎಂದು ಎದುರಿನ ಸೀಟಿನ ಬಾಗಲಕೋಟೆಯ ಹೆಂಗಸು ಹೇಳಿಕೊಟ್ಟಳು: ಮೊಸರು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಉಪ್ಪು ಕಲಸಿ ಕಾಲು ತಾಸು ನೆನೆಯಲು ಬಿಡಿ, ಮೇಲೆ ಸಾಸಿವೆ ಒಗ್ಗರಣೆ ಕೊಡಿ.